ಅಕ್ಕಿ ಹೆಚ್ಚಾತು

ಮಂಕಿ ಊರಿನ ನಲವತ್ತೆರಡನೇ ಮನೆಯಲ್ಲಿ ಅಕ್ಕಿ ಬೇಕಾದ್ದಕ್ಕಿಂತ ಹೆಚ್ಚಿದೆ ಎಂದು ಧಾರವಾಡದ ಕಂಪ್ಯೂಟರು ತೀರ್ಮಾನಿಸಿತ್ತು. ಹಾಗಾಗಿ ಆ ಮನೆಯ ಬಸುರಿ ಸುಮತಿಯ ಹೆಸರು ಪಟ್ಟಿಯಿಂದ ಬಿದ್ದುಹೋಗಿತ್ತು.

ಅದು 2003. ಬಸುರಿಯರು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ ಎಂದು ವಿಶ್ವವಿದ್ಯಾಲಯವೊಂದು ಹೊನ್ನಾವರ ತಾಲೂಕಿನಲ್ಲಿ ಅಧ್ಯಯನ ನಡೆಸುತ್ತಿತ್ತು. ಮನೆಮನೆಗೆ ಹೋಗಿ ಫಾರಂ ತುಂಬುವ ಕೆಲಸ ಚಂದನಾಳದು. ಎಂ.ಎ. ಓದಿದ್ದಳು. ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ದಿನವಿಡೀ ನಡೆಯುವ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು.

ಮನೆಯಲ್ಲಿ ಅಕ್ಕಿ ಸಾಲದ ಬಸುರಿಯರನ್ನು ಎರಡನೇ ಹಂತಕ್ಕೆ ಆರಿಸುತ್ತಿದ್ದರು. ಅವರನ್ನು ಹೆರಿಗೆಯವರೆಗೂ ತಿಂಗಳಿಗೊಮ್ಮೆ ವೈದ್ಯರು ಮನೆಗೇ ಬಂದು ನೋಡುವರು, ಮಾತ್ರೆ ಕೊಡುವರು. ಸುಮತಿಗೆ ಆರು ತಿಂಗಳು. ರಕ್ತದಲ್ಲಿ ಹಿಮೋಗ್ಲೋಬಿನ್ ಬರೇ ಏಳೂವರೆ. ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಕಣ್ಣು ಕತ್ತಲೆ.

ಉತ್ತರವನ್ನು ಅವರವರ ಮಾತಿನಲ್ಲೇ ಬರೆಯಬೇಕು ಎಂಬುದು ನಿಯಮ. ಅಕ್ಕಿ ಎಷ್ಟಿದೆ ಎಂದು ಕೇಳಿದಾಗ ಉಳಿದ ಮನೆಯವರು ಎರಡು ದಿನಕ್ಕೆ, ನಾಲ್ಕು ದಿನಕ್ಕೆ ಎಂದಿದ್ದರು. ಸುಮತಿಯ ತಾಯಿ ಪರಮೇಶ್ವರಿ ಮಾತ್ರ "ಹೆಚ್ಚಾತು" ಎಂದಿದ್ದಳು. ಚಂದನಾ ಹಾಗೇ ಬರೆದಳು. ಹುಟ್ಟಿದಾಗಿನಿಂದ ಕೇಳಿದ ಮಾತು. ಡಬ್ಬಿ ಖಾಲಿ ಎಂದು ಅವಳಿಗೆ ಅರ್ಥವಾಗಿತ್ತು. ಎಲ್ಲರಿಗೂ ಆಗುತ್ತದೆ ಎಂದುಕೊಂಡದ್ದು ತಪ್ಪಾಯಿತು.

ಹೊನ್ನಾವರದ ಬಾಡಿಗೆ ಕೋಣೆಯಲ್ಲಿ, ತಪ್ಪಾಗಿದೆ ಎಂದು ಚಂದನಾ ತಂದ ಫಾರಮನ್ನು ಅಧ್ಯಯನದ ಮುಖ್ಯಸ್ಥ ಪ್ರೊಫೆಸರ್ ಸುದರ್ಶನ ತಿರುವಿ ನೋಡಿದರು. ಹಾಸ್ಟೆಲಿನಲ್ಲೇ ಬೆಳೆದವರು, ಅಡುಗೆಮನೆಯ ಮಾತು ಕೇಳಿ ಗೊತ್ತಿಲ್ಲದವರು.

"ಹೆಚ್ಚು ಅಂದರೆ ಇಲ್ಲ ಅಂತಲೇ?"

"ಧಾನ್ಯ ಮುಗಿದರೆ ಮುಗಿಯಿತು ಅನ್ನೋದಿಲ್ಲ, ಸರ್. ಬಳೆ ಒಡೆದರೂ ಹೆಚ್ಚಿತು ಅಂತಾರೆ."

ಅವರ ಕಣ್ಣು ಅವಳ ಬರಿಗೈಯ ಮೇಲೆ ಬಿದ್ದು, ಮತ್ತೆ ಫಾರಮಿಗೆ ಹೋಯಿತು.

"ನೀವು ಅರ್ಥ ಹೇಳಿದರೆ ಅದು ನಿಮ್ಮ ಉತ್ತರ ಆಗ್ತದೆ. ಅವರ ಬಾಯಲ್ಲೇ 'ಇಲ್ಲ' ಅಂತ ಬರಲಿ. ನಾಳೆ ಶುಕ್ರವಾರ ಪಟ್ಟಿ ಮುಚ್ತದೆ."

ಮಧ್ಯಾಹ್ನದ ಬಸ್ಸಿಗೆ ಚಂದನಾ ಮಂಕಿಗೆ ಹೋದಳು. ಪರಮೇಶ್ವರಿ ಅಡುಗೆಮನೆಯಲ್ಲಿ ಕೂತು, ಯಾರೋ ಕೊಟ್ಟ ನಾಲ್ಕು ಬಂಗಡೆ ಕೊಯ್ಯುತ್ತಿದ್ದಳು.

"ಮತ್ತೆ ಬಂದ್ರಾ ಅಕ್ಕೋರೇ? ಈ ಸಲ ಎಂತ, ನಮ್ಮ ಬೆಕ್ಕು ಎಷ್ಟು ಮೀನು ತಿಂತದೆ ಕೇಳೂಕಾ?"

"ಅಕ್ಕಿ ಇದೆಯಾ, ಪರಮೇಶ್ವರಿಯಕ್ಕ?"

"ಹೆಚ್ಚಾತು ಅಂತ ಅವತ್ತೇ ಹೇಳಿದ್ನಲ್ಲ."

"ಹಾಗಲ್ಲ. ಇಲ್ಲ ಅನ್ನಬೇಕು. ಒಂದೇ ಸಲ. ಅಂದ್ರೆ ಸುಮತಿಯ ನೋಡೂಕೆ ಡಾಕ್ಟ್ರು ಬತ್ರು."

ಕತ್ತಿ ನಿಂತಿತು. "ಬಸುರಿ ಹೆಂಗಸು ಗೋಡೆ ಆಚೆ ಮಲಗ್ಯದೆ. ಒಲೆ ಎದುರು ಕೂತು ಆ ಮಾತು ಆಡೂದಾ? ನನ್ನ ಬಾಯಿಗೆ ಬರೂದಿಲ್ಲ."

"ಈಗ ಬಂತಲ್ಲ ಅಮ್ಮ, 'ಇಲ್ಲ' ಅಂತ?" ಸುಮತಿ ಆಚೆಯಿಂದ ನಕ್ಕಳು.

"ಅದು ಬಾಯಿಗೆ ಹೇಳಿದ್ದು. ಅಕ್ಕಿಗೆ ಹೇಳಿದ್ದಲ್ಲ. ನೀ ಸುಮ್ನೆ ಮಲಕೊ!"

ಪರಮೇಶ್ವರಿ ಕೈ ತೊಳೆದು ಎದ್ದು ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ತಳದಲ್ಲಿ ಒಂದು ಹಿಡಿ. ಬೇಯಿಸುವುದಕ್ಕಲ್ಲ, ಡಬ್ಬಿ ಬರಿದಾಗಬಾರದೆಂದು ಬಿಟ್ಟದ್ದು.

"ಕಂಡ್ರಲ್ಲ? ಬರಕೊಳ್ಳಿ."

"ಕಂಡದ್ದು ನಡೆಯೂದಿಲ್ಲ ಅಂತಾರೆ. ಕೇಳಿದ್ದೇ ಆಗಬೇಕು."

"ಹಂಗಾರೆ ನೀವೇ ಹೇಳಿ. ಹೆದರೂಕೆ ನಿಮ್ಮನೇಲಿ ಇನ್ನೆಂತ ಉಳಿದದೆ?"

ಅಂದುಬಿಟ್ಟ ಮೇಲೆ ಪರಮೇಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಚಂದನಾ ಆ ಹಿಡಿ ಅಕ್ಕಿಯನ್ನೇ ನೋಡುತ್ತ ನಿಂತಳು. ನೋವಾಗಬೇಕಿತ್ತು, ಆಗಲಿಲ್ಲ. ಪರಮೇಶ್ವರಿಯ ಲೆಕ್ಕ ಸರಿಯಾಗಿಯೇ ಇತ್ತು.

"ಈ ಮನೆಯಲ್ಲಿ ಅಕ್ಕಿ ಇಲ್ಲ," ಎಂದಳು, ಗೋಡೆಯಾಚೆ ಕೇಳದಷ್ಟು ಮೆತ್ತಗೆ.

ಪರಮೇಶ್ವರಿ ಮುಖ ಆ ಕಡೆ ತಿರುಗಿಸಿ, ಉಸಿರಿನಲ್ಲೇ "ಹ್ಞೂಂ" ಅಂದಳು.

"ಆತು," ಎಂದು ಚಂದನಾ ಪೆನ್ನು ತೆಗೆದಳು. ಹೊರಡುವಾಗ ಪರಮೇಶ್ವರಿ ಎರಡು ಬಂಗಡೆಯನ್ನು ಎಲೆಯಲ್ಲಿ ಸುತ್ತಿ ಅವಳ ಚೀಲಕ್ಕೆ ತುರುಕಿದಳು. ಬೇಡ ಎಂದರೂ ಕೇಳಲಿಲ್ಲ.

ಮರುದಿನ ಸುದರ್ಶನ ಕೇಳಿದರು, "ಅಂದರಾ?"

"ಅಡುಗೆಮನೆಯಲ್ಲೇ ಅಂದದ್ದು, ಸರ್. ಒಲೆಯ ಎದುರೇ."

ಯಾರು ಎಂದು ಅವರು ಕೇಳಲಿಲ್ಲ. ನಲವತ್ತೆರಡರ ಮುಂದೆ 'ಹೆಚ್ಚಿದೆ' ಎಂಬುದಕ್ಕೆ ಹಾಕಿದ್ದ ಮೂರನ್ನು ಹೊಡೆದು, 'ಇಲ್ಲ' ಎಂಬುದರ ಸೊನ್ನೆ ಬರೆದರು. ಪಟ್ಟಿಯ ಕೊನೆಯಲ್ಲಿ ಸುಮತಿಯ ಹೆಸರನ್ನು ಚಂದನಾ ತಾನೇ ಸೇರಿಸಿದಳು.