ಹೊರಚಾಚಿದ ಗಾಲಿ

ನಾನೊಂದು ಕಾರಿನ ಗಾಲಿ. ಪುಣೆಯ ಹೊರವಲಯದ ಕಾರ್ಖಾನೆಯೊಂದರಲ್ಲಿ ಅಲ್ಯೂಮಿನಿಯಂ ಕರಗಿಸಿ, ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರು. ಬೆನ್ನಿನ ಮೇಲೆ ಎರಡು ಅಂಕಿ ಮೂಡಿಸಿದರು. ಒಂದು ನನ್ನ ಅಗಲ, ಇನ್ನೊಂದು ಆಫ್‌ಸೆಟ್. ಗಾಲಿಯ ನಡುಗೆರೆಗೂ ಅದು ಗಾಡಿಗೆ ಆತುಕೊಳ್ಳುವ ಜಾಗಕ್ಕೂ ಇರುವ ದೂರವೇ ಆಫ್‌ಸೆಟ್. ಅದು ಗಾಡಿಗೆ ಒಪ್ಪಿದರೆ ಗಾಲಿ ಮಡ್‌ಗಾರ್ಡಿನ ಒಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಕಡಿಮೆಯಾದರೆ ಹೊರಗೆ ಚಾಚುತ್ತದೆ.

ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರ ದೊಡ್ಡ ಕಾರಿನಲ್ಲಿ ನಾನೂ ನನ್ನ ಮೂವರು ಜೊತೆಗಾರರೂ ಮೊದಲು ಓಡಿದೆವು. ಆ ಗಾಡಿಗೆ ನಾವು ಹೇಳಿ ಮಾಡಿಸಿದಂತಿದ್ದೆವು. ಕೆಲವು ವರ್ಷಗಳ ನಂತರ ಅವರು ಕಾರು ಬದಲಿಸಿದರು. ನಾವು ಹಳೆಯ ಗಾಲಿಗಳ ಅಂಗಡಿಯೊಂದರ ಗೋಡೆಗೆ ನೇತುಬಿದ್ದೆವು.

ನಮ್ಮನ್ನು ಅಲ್ಲಿಂದ ಇಳಿಸಿಕೊಂಡವನು ರಾಣೆಬೆನ್ನೂರಿನ ಗುರುಸಿದ್ದ. ಮೂವತ್ತು ದಾಟಿದ್ದರೂ ಯಾವ ಕೆಲಸದಲ್ಲೂ ನಿಲ್ಲದೆ ಅಕ್ಕ ಕಸ್ತೂರಿಯ ಮನೆಯಲ್ಲೇ ಉಂಡು ಬೆಳೆದವನು. ಅವಳು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಅಂತೂ ಒಂದು ಕೆಲಸ ಸಿಕ್ಕಿ ಮೊದಲ ಸಂಬಳ ಕೈಗೆ ಬಂದಾಗ, ಅಕ್ಕನ ಪುಟ್ಟ ಕಾರಿಗೆ ಏನಾದರೂ ಮಾಡಿಸಬೇಕೆಂದು ಅವನಿಗೆ ಅನಿಸಿತ್ತು. ನನ್ನ ಹೊಳಪನ್ನು ಕೈಯಿಂದ ಸವರಿ ನೋಡಿದ. ಬೆನ್ನು ತಿರುಗಿಸಿ ನೋಡಲಿಲ್ಲ.

“ನಮ್ಮ ಗಾಡಿಗೆ ಕೂಡ್ತಾವೇನ್ರಿ?” ಎಂದು ಕೇಳಿದ.

“ನಾಕು ತೂತು ಬರಾಬರಿ ಅದಾವು. ಮತ್ತೇನ್ ಬೇಕ್ರಿ?” ಎಂದ ಅಂಗಡಿಯವನು. ಕಾರಿನ ಹಳೆಯ ಗಾಲಿಗಳು ಬದಲಿಗೆ ಅಂಗಡಿಯಲ್ಲೇ ಉಳಿದವು.

ಮನೆಯ ಮುಂದೆ ಕಾರು ನಿಂತಾಗ ಕಸ್ತೂರಿ ಹೊರಗೆ ಬಂದು ನೋಡಿದಳು. ಅವಳ ಕಣ್ಣು ತುಂಬಿದವು. “ಕಡೀಗೂ ನನ್ನ ಮಗಾ ಅಕ್ಕಗ ಏನರ ತಂದ್ನಲ್ಲ,” ಎಂದು ತಾಯಿ ಶಾಂತವ್ವ ನಮ್ಮ ನಾಲ್ವರಿಗೂ ಕುಂಕುಮ ಹಚ್ಚಿದಳು.

ನನ್ನ ಜಾಗ ಹಿಂದಿನ ಎಡಬದಿ. ಮಡ್‌ಗಾರ್ಡಿನ ಅಂಚು ದಾಟಿ ಎರಡು ಬೆರಳಿನಷ್ಟು ಹೊರಗಿದ್ದೆ. ಗಾಡಿ ಖಾಲಿಯಿದ್ದಾಗ ತೊಂದರೆ ಇರಲಿಲ್ಲ. ಹಿಂದೆ ಜನ ಕೂತು, ಹಂಪ್ ಬಂದರೆ ಸಾಕು, ಗಾಡಿ ಕುಗ್ಗಿ ಆ ತಗಡಿನ ಅಂಚು ನನ್ನ ಟೈರನ್ನು ಕೆರೆಯುತ್ತಿತ್ತು. ಆ ಸದ್ದು ಕಸ್ತೂರಿಗೆ ಕೇಳಿಸಿತು. ಒಂದು ದಿನ ಇಳಿದು, ಕುಕ್ಕರಗಾಲಲ್ಲಿ ಕೂತು, ಟೈರಿನ ಪಕ್ಕೆಯ ಮೇಲೆ ಬೆರಳಾಡಿಸಿದಳು. ಸಣ್ಣ ಗೀರು ಸಿಕ್ಕಿತು; ಬೆರಳಿಗೆ ರಬ್ಬರಿನ ಪುಡಿ ಕರ್ರಗೆ ಮೆತ್ತಿತು.

ತಮ್ಮನಿಗೆ ಹೇಳಲೆಂದೇ ಅವಳು ಒಳಗೆ ಹೋದಳು. ಅವನು ಫೋನಿನಲ್ಲಿ ಗೆಳೆಯನೊಬ್ಬನಿಗೆ “ಅಕ್ಕನ ಗಾಡಿಗೆ ನಾನs ಹಾಕ್ಸೀನಿ ಲೇ” ಎನ್ನುತ್ತ ನಗುತ್ತಿದ್ದ. ಅವಳು ಸೆರಗಿಗೆ ಬೆರಳು ಒರೆಸಿಕೊಂಡು ಅಡುಗೆಮನೆಗೆ ನಡೆದಳು. ಅಂದಿನಿಂದ ಹಂಪ್ ಬಂದಲ್ಲೆಲ್ಲ ನಿಧಾನ ಮಾಡಿ, ಹಿಂದೆ ಯಾರನ್ನೂ ಕೂರಿಸದೆ ಓಡಿಸಿದಳು.

ಹಾವೇರಿಯಲ್ಲಿ ಬಂಧುಗಳ ಮನೆಯ ತೊಟ್ಟಿಲ ಕಾರ್ಯ ಬಂತು. ಅಂದು ಗುರುಸಿದ್ದನೇ ಸ್ಟೇರಿಂಗ್ ಹಿಡಿದ. ಕಸ್ತೂರಿ ಪಕ್ಕದಲ್ಲಿ, ಹಿಂದೆ ಶಾಂತವ್ವ ಮತ್ತು ಇಬ್ಬರು ಚಿಕ್ಕಮ್ಮಂದಿರು, ಡಿಕ್ಕಿಯಲ್ಲಿ ಮರದ ತೊಟ್ಟಿಲು. ಅಷ್ಟೂ ಭಾರಕ್ಕೆ ಕುಗ್ಗಿದ ಗಾಡಿ ಹೆದ್ದಾರಿಗೆ ಬಿತ್ತು. ತಗಡು ನನ್ನ ಟೈರನ್ನು ಬಿಡದೆ ಕೊಯ್ಯತೊಡಗಿತು.

“ಸಿದ್ದೂ, ಏನೋ ಸುಟ್ಟ ವಾಸನಿ ಬರಾಕತ್ತೈತಿ. ಸ್ವಲ್ಪ ನಿಂದರಸು,” ಎಂದಳು ಕಸ್ತೂರಿ.

“ಮುಂದಿನ ಲಾರೀದ್ ಇರಬೇಕ್ ಬಿಡs ಅಕ್ಕಾ. ಹೊತ್ತಾಗತೈತಿ,” ಎಂದ.

ಅವಳು ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಟೈರು ಸಿಡಿಯಿತು. ಗಾಡಿ ಓಲಾಡಿ, ನಡುವಿನ ಕಟ್ಟೆಗೆ ಬಡಿದು ಮಗುಚಿತು. ಆ ಪೆಟ್ಟಿಗೆ ನನ್ನ ಅಂಚು ಸೊಟ್ಟಗಾಯಿತು.

ಚಿಕ್ಕಮ್ಮಂದಿರು ಕೈಕಾಲು ಮುರಿದುಕೊಂಡರು. ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಕಸ್ತೂರಿ ತಾಯಿಯನ್ನು ಹೊರಗೆಳೆದು ಡಾಂಬರಿನ ಮೇಲೆ ಮಲಗಿಸಿ, ಎದೆ ಒತ್ತತೊಡಗಿದಳು. ಎಷ್ಟೋ ಜನರ ಎದೆಯನ್ನು ಹಾಗೆ ಒತ್ತಿದ್ದ ಕೈಗಳು ಅವು. ಶಾಂತವ್ವನಿಗೆ ಉಸಿರು ಮರಳಲಿಲ್ಲ. “ಅಕ್ಕಾ, ಸಾಕು ಬಿಡು,” ಎಂದು ಗುರುಸಿದ್ದ ಭುಜ ಹಿಡಿದರೂ ಅವಳು ಬಿಡಲಿಲ್ಲ. ಆಂಬುಲೆನ್ಸಿನವರು ಬಂದು ಬಿಡಿಸಬೇಕಾಯಿತು.

ಠಾಣೆಯ ಬಯಲಿನಲ್ಲಿ ಬಹಳ ದಿನ ಬಿಸಿಲು ಕಾಯ್ದ ಮೇಲೆ ನಜ್ಜುಗುಜ್ಜಾದ ಕಾರು ಮನೆಗೆ ಬಂತು. ಬಂದವರಿಗೆಲ್ಲ ಗುರುಸಿದ್ದ ಒಂದೇ ಮಾತು ಹೇಳುತ್ತಿದ್ದ: “ರಸ್ತ್ಯಾಗ ಮೊಳಿ ಬಿದ್ದಿತ್ರಿ.” ಕಸ್ತೂರಿ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು.

ಗುಜರಿಗೆ ಹಾಕಲೆಂದು ಅವನೇ ನನ್ನನ್ನು ಬಿಚ್ಚಿದ. ಹರಿದ ಟೈರು ಇನ್ನೂ ನನ್ನ ಮೈಮೇಲಿತ್ತು. ಅದನ್ನು ತಿರುಗಿಸಿದವನ ಕೈ ತಟ್ಟನೆ ನಿಂತಿತು. ಪಕ್ಕೆಯ ಸುತ್ತಲೂ ಚಾಕುವಿನಿಂದ ಕೊರೆದಂತೆ ಒಂದೇ ಗೆರೆ. ಮಡ್‌ಗಾರ್ಡಿನ ಅಂಚು ಮುಟ್ಟಿ ನೋಡಿದ. ಉಜ್ಜಿ ಉಜ್ಜಿ ಅದು ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲೇ ನೆಲದ ಮೇಲೆ ಕೂತ. ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು.

“ಅಕ್ಕಾ, ಇದು ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಮತ್ಯಾಕ ಹೇಳಲಿಲ್ಲ?”

“ನೀ ಮೊದಲನೇ ಸಲ ತಂದದ್ದು. ಬ್ಯಾಡ ಅಂದ್ರ ನಿನ್ನ ಮಾರಿ ಸಣ್ಣದಾಗತಿತ್ತು, ಸಿದ್ದೂ.”

ಅವನು ಅಳಲಿಲ್ಲ. ಹಣೆಯನ್ನು ನನ್ನ ಸೊಟ್ಟ ಅಂಚಿಗೆ ಒತ್ತಿ ಹಿಡಿದ. ಅವಳು ಅವನ ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ. ಗುಜರಿಯವನು ಬಂದು ಕೂಗಿದಾಗ ಅವನು ಎದ್ದ, ಅವಳು ಬಾಗಿಲಿನಿಂದ ಇಳಿದು ಬಂದಳು; ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ನನ್ನನ್ನು ಅವನ ಗಾಡಿಗೆ ಎತ್ತಿಹಾಕಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈಗ ನಾನು ಗುಜರಿಯ ಮೂಲೆಯಲ್ಲಿ ತುಕ್ಕು ಹಿಡಿದ ಬಾಗಿಲುಗಳ ಕೆಳಗೆ ಬಿದ್ದಿದ್ದೇನೆ. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅವನು ಪ್ರೀತಿಯಿಂದ ಕೊಟ್ಟ, ಅಳತೆ ಕೇಳಲಿಲ್ಲ. ಅವಳು ಪ್ರೀತಿಯಿಂದಲೇ ಬಾಯಿ ಕಟ್ಟಿಕೊಂಡಳು. ನನಗಂತೂ ಬಾಯಿಯೇ ಇರಲಿಲ್ಲ. ಬಾಯಿ ಇದ್ದ ಅವಳಾದರೂ ಒಂದು ಮಾತು ಆಡಬಹುದಿತ್ತು.