ಮಂಗಳವಾರ ಬೇಡವೆಂದು ಕೊಟ್ಟ ಅರ್ಜಿ

ಶಿರಿಯ ಹೊಳೆಯ ಆಚೆ ದಡದ ಡಿಸ್ಪೆನ್ಸರಿಯ ಜಗಲಿಯಲ್ಲಿ ಒಂದು ಹಲಗೆ ತೂಗುಹಾಕಿದ್ದರು. ಸೋಮವಾರ ಕಣ್ಣು, ಬುಧವಾರ ಮಕ್ಕಳಿಗೆ ಸಿಡುಬಿನ ಚುಚ್ಚು, ಗುರುವಾರ ಹಲ್ಲು. ಮಂಗಳವಾರ ಬಸುರಿಯರಿಗೆ; ಅಂದು ಕಾಸರಗೋಡಿನಿಂದ ಲೇಡಿ ಡಾಕ್ಟರ್ ಬರುತ್ತಿದ್ದರು. ಉಳಿದ ದಿನ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಂಗಳವಾರ ಮಾತ್ರ ಬೆಂಚು ಖಾಲಿ.

ಖಾಲಿಯಾಗದೆ ಇನ್ನೇನು? ಬಸುರಿಯನ್ನು ಮಂಗಳವಾರ ಹೊಳೆ ದಾಟಿಸುವ ಕ್ರಮ ನಮ್ಮಲ್ಲಿಲ್ಲ. ಡಿಸ್ಪೆನ್ಸರಿಗೆ ಹೋಗುವವರು ಹೆಚ್ಚಿನವರೂ ನಮ್ಮ ದಡದವರು; ನಮಗೆ ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ.

ನನ್ನ ತಂಗಿ ಪಂಕಜಾಕ್ಷಿಯ ದೊಡ್ಡ ಮಗಳು ಮನೋರಮಾ ಎರಡು ವರ್ಷದ ಹಿಂದೆ ಕಾಲು ಬಾತು, ಸೆಳವು ಬಂದು ಹೆರಿಗೆಯಲ್ಲಿ ತೀರಿಹೋದಳು. ಹಾಗಾಗಿ ಚಿಕ್ಕವಳು ಸುಂದರಿ ಬಸುರಿಯಾದ ಕೂಡಲೇ ನಾನು ಅರ್ಜಿ ಬರೆಸಿದೆ. ಮಂಗಳವಾರ ಇಲ್ಲಿಯವರಿಗೆ ಅನುಕೂಲವಿಲ್ಲ, ದಯಮಾಡಿ ದಿನ ಬದಲಿಸಬೇಕು ಎಂದು. ಮನೆಮನೆಗೆ ನಡೆದು ನಲವತ್ತಮೂರು ಸಹಿ, ಹೆಬ್ಬೆಟ್ಟು ಹಾಕಿಸಿದೆ. ಮೇಲಿನ ಕಚೇರಿಯಿಂದ ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸುಂದರಿಗೆ ಏಳು ತುಂಬಿತ್ತು. ಬಾತ ಬೆರಳಿನಿಂದ ಅವಳ ಕಾಲುಂಗುರವನ್ನು ಸಾಬೂನು ಹಚ್ಚಿ ತೆಗೆಯಬೇಕಾಯಿತು.

ದಿನ ಬದಲಾಗಿದೆ ಎಂದು ಕೇಳಿ ಬುಧವಾರ ಓಡಿದೆ. ಹಲಗೆಯಲ್ಲಿ ಮಂಗಳವಾರವನ್ನು ಅಳಿಸಿ ಹೊಸ ಬಣ್ಣದಲ್ಲಿ ಶುಕ್ರವಾರ ಎಂದು ಬರೆದಿದ್ದರು.

ಕಂಪೌಂಡರ್ ಸುಬ್ಬರಾಯರು ಬಾಟ್ಲಿಗೆ ಮಿಕ್ಸ್ಚರ್ ಸುರಿಯುತ್ತ ಹೇಳಿದರು: "ನೀವು ಕೇಳಿದ್ದು ಆಯಿತಲ್ಲ, ಚೆನ್ನಪ್ಪಣ್ಣ. ಮುಖ ಯಾಕೆ ಹಾಗೆ?"

"ಶುಕ್ರವಾರವೂ ದಾಟಿಸುವುದಿಲ್ಲ ಮಾರಾಯ್ರೆ."

"ಅರ್ಜಿಯಲ್ಲಿ ಬರೆದಿದ್ದೀರಾ?"

"ಅದನ್ನು ಎಂತ ಬರೆಯುವುದು? ಹೊಳೆಕರೆಯ ಮಕ್ಕಳಿಗೂ ಗೊತ್ತುಂಟು."

"ಕಚೇರಿಯ ಗುಮಾಸ್ತ ನಿಮ್ಮ ಹೊಳೆಕರೆಯಲ್ಲಿ ಹುಟ್ಟಿದವನಲ್ಲ." ಅವರು ಬಾಟ್ಲಿಗೆ ಅಳತೆಯ ಕಾಗದ ಅಂಟಿಸಿದರು. "ಇನ್ನೊಂದು ಅರ್ಜಿ ಕೊಡಿ. ಮತ್ತೆ ನಾಲ್ಕು ತಿಂಗಳು."

"ನಾಲ್ಕು ತಿಂಗಳಲ್ಲಿ ಮಗು ಹುಟ್ಟಿ ಮಗುಚಿಕೊಳ್ಳುತ್ತದೆ."

"ಹಾಗಾದರೆ ನಮ್ಮ ಡಾಕ್ಟರಿಗೇ ತೋರಿಸಿ. ದಿನಾ ಇರ್ತಾರೆ."

ಗಂಡಸು ಡಾಕ್ಟರಿಗೆ ತೋರಿಸಲು ಸುಂದರಿ ಮೊದಲೇ ಒಪ್ಪಿರಲಿಲ್ಲ. ನಲವತ್ತಮೂರು ಜನರಲ್ಲಿ ಒಬ್ಬರಿಗಾದರೂ ಶುಕ್ರವಾರದ ನೆನಪಾಗಬಾರದಿತ್ತೇ ಎಂದು ದೋಣಿಯುದ್ದಕ್ಕೂ ಬೈದುಕೊಂಡೆ. ಮೊದಲನೆಯ ಸಹಿ ನನ್ನದೇ.

ಮನೆಯಲ್ಲಿ ಸುಂದರಿ ಚಾವಡಿಯ ಕಂಬಕ್ಕೆ ಒರಗಿ, ಕಾಲು ಮಣೆಯ ಮೇಲಿಟ್ಟು ಕೂತಿದ್ದಳು. ವಿಷಯ ಹೇಳಿ ಪಂಕಜಾಕ್ಷಿಯನ್ನು ಕೇಳಿದೆ:

"ನಾಳೆ ಗುರುವಾರ. ನಾಳೆಯೇ ದಾಟಿ, ರಾತ್ರಿ ಡಿಸ್ಪೆನ್ಸರಿಯ ಆಯಾ ಶಂಕರಿಯ ಮನೆಯಲ್ಲಿ ನಿಂತರೆ ಆಗದಾ?"

"ಬಸುರಿಯನ್ನು ಕಂಡವರ ಮನೆಯಲ್ಲಿ ಮಲಗಿಸುವುದಾ ಅಣ್ಣ? ನಿಮಗೆ ಎಂತ ಆಗಿದೆ?" ಎಂದಳು ಪಂಕಜಾಕ್ಷಿ.

"ಹಾಗಾದರೆ ಶುಕ್ರವಾರವೇ ದಾಟಿಸು."

"ಒಂದು ಮಗಳನ್ನು ಕಳಕೊಂಡವಳು ನಾನು. ನೀವಲ್ಲ."

ಆಗ ಸುಂದರಿ ಕೇಳಿದಳು: "ಮಾವ, ಅಕ್ಕ ತೀರಿಕೊಂಡದ್ದು ಯಾವ ವಾರ?"

"ಆದಿತ್ಯವಾರ."

"ಹೆರಿಗೆನೋವು ಶುರುವಾದದ್ದು?"

"ಶನಿವಾರ."

"ಎರಡೂ ಹೊಳೆ ದಾಟಿಸುವ ವಾರವೇ, ಅಲ್ಲವಾ ಅಮ್ಮ?"

ಪಂಕಜಾಕ್ಷಿ ಎದ್ದು ಒಳಗೆ ಹೋದಳು. ಆ ದಿನವೂ ಮರುದಿನವೂ ನನ್ನೊಡನೆ ಮಾತಾಡಲಿಲ್ಲ. ಶುಕ್ರವಾರ ಬೆಳಿಗ್ಗೆ ನೋಡಿದರೆ ಮಗಳ ಒಗೆದ ಸೀರೆಯನ್ನು ಕಂಕುಳಲ್ಲಿಟ್ಟು ಅಂಗಳದಲ್ಲಿ ನಿಂತಿದ್ದಳು.

ದೋಣಿಯವನು ಅವಳ ಮುಖ ನೋಡಿ ಏನೋ ಕೇಳಹೊರಟವನು ಹುಟ್ಟು ಎತ್ತಿಕೊಂಡ.

ಬೆಂಚಿನಲ್ಲಿ ನಾವಲ್ಲದೆ ಯಾರೂ ಇರಲಿಲ್ಲ. ಲೇಡಿ ಡಾಕ್ಟರ್ ಸುಂದರಿಯ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ಉಳಿಯಿತು. ರಕ್ತದ ಒತ್ತಡ ನೋಡಿ, ಸುಬ್ಬರಾಯರನ್ನು ಕರೆದು ಕಾರು ಹೊರಡಿಸಲು ಹೇಳಿದರು.

"ಇವಳು ನನ್ನ ಜೊತೆಗೆ ಕಾಸರಗೋಡಿನ ಆಸ್ಪತ್ರೆಗೆ ಬರಲಿ. ಹೆರಿಗೆಯಾಗುವವರೆಗೆ ಅಲ್ಲೇ. ಇನ್ನೊಂದು ವಾರ ತಡವಾಗಿದ್ದರೆ ನಾನೇನೂ ಹೇಳಲಾಗುತ್ತಿರಲಿಲ್ಲ." ನನ್ನ ಕಡೆ ತಿರುಗಿದರು. "ಇಷ್ಟು ದಿನ ಎಲ್ಲಿದ್ದಿರಿ? ಇಲ್ಲಿಗೆ ಯಾರೂ ಬರುವುದಿಲ್ಲ, ಈ ದಿನವನ್ನೇ ನಿಲ್ಲಿಸಿ ಅಂತ ನಾನು ನಿನ್ನೆ ಕಚೇರಿಗೆ ಬರೆದಾಯಿತು."

ಪಂಕಜಾಕ್ಷಿ ಮಗಳ ಜೊತೆ ಕಾರು ಹತ್ತಿದಳು. ಎರಡು ದಿನದ ನಂತರ ನನ್ನೊಡನೆ ಒಂದು ಮಾತು ಆಡಿದಳು: "ಅಣ್ಣ, ನೀವು ಇಲ್ಲೇ ನಿಲ್ಲಿ. ಆ ಅರ್ಜಿಯ ಕೆಲಸ ಮುಗಿಸಿ."

ಸುಬ್ಬರಾಯರ ಹತ್ತಿರ ಕಾಗದ ಕೇಳಿದೆ.

"ಒಂದು ಹಾಳೆ ಸಾಕಾ?"

"ಸಾಲದು," ಎಂದೆ. "ಈ ಸಲ ನಮಗೆಲ್ಲ ಗೊತ್ತಿರುವುದನ್ನೂ ಬರೆಯಲಿಕ್ಕುಂಟು."