ಕೊಲೆಗಾರನಿಗೊಂದು ಉತ್ತರ

ಕೊಲ್ಲುತ್ತೇನೆಂದು ಬೆದರಿಸಿದವನಿಗೆ ಕ್ಷೇಮಸಮಾಚಾರ ಕೇಳಿ ಯಾರಾದರೂ ಉತ್ತರ ಬರೆಯುತ್ತಾರೆಯೇ? ಹರಿಣಿ ಬರೆದಳು. ಹುಚ್ಚಿ ಅನ್ನುವ ಮುಂಚೆ ಪೂರ್ತಿ ಕೇಳಿ.

ಕೆಂಚಾರ್ಲಹಳ್ಳಿಯ ಶಾಲೆಯಲ್ಲಿ ಟೀಚರು ಅವಳು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಚಿಂತಾಮಣಿಗೆ ಬಂದು, ಚಲಪತಿಯ ಇಂಟರ್ನೆಟ್ ಸೆಂಟರಿನಲ್ಲಿ ಅರ್ಧ ಗಂಟೆ ಕೂರುವಳು. ಆರು ವರ್ಷದ ಹಿಂದೆ ಅಕ್ಕ ಸಂಘಮಿತ್ರ ಅವಳಿಗೆ ಇಮೇಲ್ ಐಡಿ ಮಾಡಿಕೊಟ್ಟಿದ್ದು ಅಲ್ಲೇ. ಮರುವರ್ಷ ಅಕ್ಕ ಒಬ್ಬನನ್ನು ಮೆಚ್ಚಿದಳು. ಆ ಗುಟ್ಟನ್ನು ಅಪ್ಪ ಚೆನ್ನರಾಯಪ್ಪನ ಕಿವಿಗೆ ಹಾಕಿದವಳು ಹರಿಣಿಯೇ; ಅಕ್ಕ ತನ್ನನ್ನು ಬಿಟ್ಟುಹೋಗದಿರಲಿ ಎಂಬ ಆಸೆ. ಅಪ್ಪ ಬೆಲ್ಟು ಹಿಡಿದರು. ಮಾರನೆಯ ದಿನ ಅಕ್ಕ ಹೊರಟೇಹೋದಳು, ತಂಗಿಯ ಮುಖ ಕೂಡ ನೋಡಲಿಲ್ಲ. ಅಪ್ಪ ಮನೆಯ ಫೋನು ತೆಗೆಸಿಹಾಕಿದರು. ಕಾಗದ ಬಂದರೆ ಓದದೆ ಒಲೆಗೆ ಹಾಕುವ ಮನುಷ್ಯ. ಅಕ್ಕನಿಗೆ ಉಳಿದ ದಾರಿ ಆ ಐಡಿ ಒಂದೇ. ಐದು ವರ್ಷ ಅದಕ್ಕೆ ಒಂದಕ್ಷರ ಬರಲಿಲ್ಲ.

ಎರಡು ಸಾವಿರದ ಏಳರ ಶ್ರಾವಣದಲ್ಲಿ ಬಂತು, ಇಂಗ್ಲಿಷಿನಲ್ಲಿ. "ನಿನ್ನನ್ನು ಮುಗಿಸಲು ನನಗೆ ದುಡ್ಡು ಕೊಟ್ಟಿದ್ದಾರೆ. ಕೊಟ್ಟವರು ನಿನಗೆ ತೀರ ಹತ್ತಿರದವರು. ಬದುಕಬೇಕಾದರೆ ಅದಕ್ಕಿಂತ ಹೆಚ್ಚು ನೀನು ಕೊಡು. ಪೊಲೀಸರಿಗೆ ಹೇಳಬೇಡ."

ಹರಿಣಿ ಹೆದರಿ ಬಾಗಿಲ ಕಡೆ ತಿರುಗಿ ನೋಡಿದಳು. ಆದರೆ ಹೆದರಿಕೆಯ ಹಿಂದೆಯೇ, ಏನು ಹೇಳಲಿ, ಒಂದು ಸಂತೋಷವೂ ನುಗ್ಗಿತು! ಈ ಐಡಿ ಗೊತ್ತಿರುವ ಹತ್ತಿರದವರು ಇನ್ಯಾರು? ಅಕ್ಕನ ಕೋಪ ಇನ್ನೂ ಆರಿಲ್ಲ. ಆರದಿದ್ದರೆ ಬೇಡ, ಎಲ್ಲೋ ಬದುಕಿದ್ದಾಳಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ. ಕೂತಲ್ಲೇ ಟೈಪು ಮಾಡಿದಳು: "ದುಡ್ಡು ಕೊಟ್ಟವರು ನನ್ನ ಅಕ್ಕನಾ? ಅವಳು ಚೆನ್ನಾಗಿದ್ದಾಳಾ? ಮಕ್ಕಳಿದ್ದಾರಾ? ಅಪ್ಪನಿಗೆ ಹೇಳಿದ್ದು ನಾನೇ, ತಪ್ಪಾಯಿತು ಅಂತ ಅವಳಿಗೆ ತಿಳಿಸಿ."

ಮುಂದಿನ ಶನಿವಾರ ಹನ್ನೊಂದು ಬೆದರಿಕೆಗಳು ಕಾದಿದ್ದವು. ಅಕ್ಕನ ಸುದ್ದಿ ಒಂದರಲ್ಲೂ ಇಲ್ಲ. ಹರಿಣಿಯ ಮುಖ ನೋಡಿ ಚಲಪತಿ ಎದ್ದು ಬಂದು, ಸ್ಕ್ರೀನಿನಲ್ಲಿದ್ದುದನ್ನು ಓದಿದ.

"ಏಂದಮ್ಮಾ ಇದಿ, ಏನಿದು! ಉತ್ತರ ಬೇರೆ ಕೊಟ್ಟಿದೀರಾ? ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂಗಾಯ್ತಲ್ಲ! ರಿಟೈರ್ಡ್ ಮೇಷ್ಟ್ರು ಕೋನಪ್ಪನವ್ರಿಗೂ ಇದೇ ಬಂದಿದೆ, ಒಂದಕ್ಷರ ಆಚೀಚೆ ಇಲ್ಲ. ಕಳ್ ನನ್ಮಕ್ಳು, ನಿಮ್ಮನ್ನ ಕಂಡೇ ಇಲ್ಲ ಅವ್ರು. ಐಡಿನ ಎಲ್ಲಾದ್ರೂ ಬರೆದಿದ್ರಾ?"

ಬರೆದಿದ್ದಳು. ಕಳೆದುಹೋದವರನ್ನು ಹುಡುಕಿಕೊಡುತ್ತೇವೆಂದ ಸೈಟು, ಹಳೇ ಗೆಳೆಯರನ್ನು ಸೇರಿಸುತ್ತೇವೆಂದ ಸೈಟು, ಕೇಳಿದ ಕಡೆಯೆಲ್ಲ ಬರೆದಿದ್ದಳು. ಎಲ್ಲಾದರೂ ಅಕ್ಕನ ಕಣ್ಣಿಗೆ ಬೀಳಲಿ ಎಂದು.

ಹಾಗಾದರೆ ಅಕ್ಕ ಕೊಲ್ಲಿಸುತ್ತಿಲ್ಲ. ಎಂಥ ಸಮಾಧಾನದ ಸುದ್ದಿ! ಹರಿಣಿ ಬಿಕ್ಕಿ ಬಿಕ್ಕಿ ಅತ್ತಳು. ಚಲಪತಿ ಗಾಬರಿಯಾಗಿ ನೀರು ತಂದ.

"ಅಳಬೇಡಿ ಟೀಚರ್. ಈ ಐಡಿ ಮುಚ್ಚಿಬಿಡಿ, ಹೊಸದು ಮಾಡಿಕೊಡ್ತೀನಿ. ಉತ್ತರ ಬಂದಿದ್ರಿಂದ ಇಲ್ಲಿ ಒಂದು ಜೀವ ಇದೆ ಅಂತ ಅವ್ರಿಗೆ ಗೊತ್ತಾಗೋಯ್ತು. ಇನ್ನು ಬಿಡಲ್ಲ."

ಹರಿಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇದ್ದೀನಿ ಅಂತ ಗೊತ್ತಾಗ್ಲಿ ಅಂತಾನೇ ಕಣಪ್ಪಾ ಇದನ್ನ ಇಟ್ಕೊಂಡಿರೋದು. ಅವಳಿಗೆ ಗೊತ್ತಿರೋದು ಇದೊಂದೇ."

ಓದದೇ ಅಳಿಸಿ ಎಂದರೂ ಕೇಳಲಿಲ್ಲ. ಅಕ್ಕ ಯಾವ ಹೆಸರಿನಲ್ಲಿ ಬರೆಯುತ್ತಾಳೋ ಯಾರು ಬಲ್ಲರು? ಹನ್ನೊಂದನ್ನೂ ಒಂದೊಂದೇ ತೆರೆದು, ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಅಳಿಸಿದಳು. ಮುಂದಿನ ಶನಿವಾರ ಮೂವತ್ತಿದ್ದವು. ಅವನ್ನೂ ಓದಿದಳು.